ಎರಡು ಹಾಡಿಗೆ ಬೇಯುವ ಅನ್ನ

ಕೇತಮ್ಮನ ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದೊಂದು ಗಡಿಯಾರವಿತ್ತು. ಶಾಲೆ ಬಿಟ್ಟು ಹೋದ ಹಳೆಯ ಮಕ್ಕಳು ಕೊಟ್ಟ ಕಾಣಿಕೆ. ಅದು ನಡೆಯುತ್ತಿತ್ತೋ ನಿಂತಿತ್ತೋ ಕೇತಮ್ಮನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವರ ಅಡುಗೆ ನಡೆಯುತ್ತಿದ್ದುದು ಹಾಡಿನ ಲೆಕ್ಕದಲ್ಲಿ. ಅಕ್ಕಿಗೆ ಎರಡು ಹಾಡು, ತೊಗರಿಬೇಳೆಗೆ ಮೂರು, ಮೊಟ್ಟೆಗೆ ಒಂದೂವರೆ. ಬೇಳೆ ಹಳೆಯದಾಗಿದ್ದರೆ ಮೂರನೆಯದನ್ನು ಎಳೆದೆಳೆದು ಹಾಡುತ್ತಿದ್ದರು. ಹಾಡೆಂದರೆ ಗಂಟಲೆತ್ತಿ ಹಾಡುವುದಲ್ಲ, ಒಲೆಗೆ ಕೇಳಿಸಿದರೆ ಸಾಕು ಎಂಬಷ್ಟು. ಮುಗಿದ ತಕ್ಷಣ ಗ್ಯಾಸ್ ಆರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಅವರು ನಮ್ಮ ಶಾಲೆಯಲ್ಲಿದ್ದ ಅಷ್ಟು ವರ್ಷಗಳಲ್ಲಿ, ಒಂದೇ ಒಂದು ದಿನ ಬಿಟ್ಟರೆ, ಅವರ ಅನ್ನ ಹದ ತಪ್ಪಿದ್ದಿಲ್ಲ.

ಒಮ್ಮೆ ಬಿಸಿಯೂಟದ ತಪಾಸಣೆಗೆ ಬಂದ ಸಾಹೇಬರು, ಅಕ್ಕಿಯನ್ನು ಎಷ್ಟು ನಿಮಿಷ ಬೇಯಿಸುತ್ತೀರಿ ಎಂದು ಕೇಳಿದರು. "ಎಲ್ಡು ಪದ ಸಾ" ಎಂದರು ಕೇತಮ್ಮ. ಅವರ ಬಾಯಲ್ಲಿ ಹಾಡಿಗೆ ಪದ ಎಂದೇ ಹೆಸರು. ಸಾಹೇಬರು ಕಣ್ಣು ಪಿಳಿಪಿಳಿ ಬಿಟ್ಟರು. ನಾನು ಬಿಡಿಸಿ ಹೇಳಿದ ಮೇಲೆ ನಕ್ಕು, ಹಾಗಾದರೆ ಒಂದು ಹಾಡಮ್ಮ, ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದರು. ಕೇತಮ್ಮ ಒಲೆಯ ಕಡೆ ಒಮ್ಮೆ ತಿರುಗಿ ನೋಡಿ, "ಈಗ ಬೇಯಕ್ಕೆ ಏನೂ ಇಲ್ವಲ್ಲಾ ಸಾ" ಎಂದರು. ಮರ್ಯಾದೆಗೆಟ್ಟು ಆಡಿದ ಮಾತಲ್ಲ ಅದು. ಕೆಲಸವಿಲ್ಲದೆ ಹಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ಸಾಹೇಬರು ಮೊಬೈಲನ್ನು ಜೇಬಿಗಿಟ್ಟುಕೊಂಡು ತಟ್ಟೆಯ ಮುಂದೆ ಕೂತರು.

ನಾನು ಹನೂರಿನ ಆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಧುವನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಊರಲ್ಲಿ ನಮ್ಮದು ಜಮೀನು, ಮನೆತನ, ಹಣೆಯ ಮೇಲೆ ಮೂರು ಬೆರಳು ವಿಭೂತಿ ಎಲ್ಲ ಇದ್ದ ಕುಟುಂಬ. ನನಗೋ ಮೂಗಿನ ತುದಿಯಲ್ಲೇ ಕೋಪ. ಬಿಸಿಯೂಟದ ಉಸ್ತುವಾರಿ ಯಾರಿಗೂ ಬೇಡವಾಗಿದ್ದರಿಂದ ಅದು ನನ್ನ ತಲೆಗೆ ಬಂತು. ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರೊಬ್ಬರು ಉಂಡು ರುಚಿ ನೋಡಿ ಪುಸ್ತಕದಲ್ಲಿ ರುಜು ಹಾಕಬೇಕು ಎಂಬುದು ನಿಯಮ. ನಾನು ಎರಡು ಅಗುಳನ್ನು ಬೆರಳಲ್ಲಿ ಹಿಸುಕಿ, 'ರುಚಿ ಚೆನ್ನಾಗಿದೆ' ಎಂದು ಬರೆದು, ಸ್ಟಾಫ್ ರೂಮಿಗೆ ಹೋಗಿ ಮನೆಯ ಡಬ್ಬಿ ಬಿಚ್ಚುತ್ತಿದ್ದೆ. ಕೇಳಿದವರಿಗೆ ಗ್ಯಾಸ್ಟ್ರಿಕ್ ಎಂಬ ನೆಪ. ನಿಜ ಹೇಳಿಬಿಡುತ್ತೇನೆ. ಕೇತಮ್ಮ ಸೋಲಿಗರವರು, ಕಾಡಿನವರ ಕೈಯಡುಗೆ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಮಾನತೆಯ ಪಾಠವನ್ನು ಪುಸ್ತಕ ನೋಡದೆ ಒಪ್ಪಿಸುತ್ತಿದ್ದವನೂ ನಾನೇ. ಆಗ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಈಗ ಬರೆಯುವಾಗ ಹಾಗೆ ಬರೆಯಲು ಕೈ ಏಳುತ್ತಿಲ್ಲ.

ನಾಲ್ಕೈದು ತಿಂಗಳು ಅವರು ಸುಮ್ಮನೆ ನೋಡಿದರು. ಒಂದು ದಿನ ನಾನು ರುಜು ಹಾಕುತ್ತಿರುವಾಗ ಮೆಲ್ಲಗೆ ಹೇಳಿದರು: "ಉಣ್ನಿಲ್ಲ ಅಂತ್ಲೇ ಬರೀರಿ ಸಾ. ನಂಗೇನ್ ಬ್ಯಾಸ್ರ ಇಲ್ಲ. ಅಕ್ಷರ ಕಲಿಸೋ ಕೈಲಿ ಸುಳ್ಳು ಬರೀಬಾರ್ದು." ನನ್ನ ಕೋಪ ನೆತ್ತಿಗೇರಬೇಕಿತ್ತು. ಏರಲಿಲ್ಲ, ಕಿವಿ ಬಿಸಿಯಾಯಿತು. ಅಂದು ತಟ್ಟೆ ತೆಗೆದುಕೊಂಡು ಮಕ್ಕಳ ಸಾಲಿನಲ್ಲಿ ಕೂತೆ. ಮಾರನೆಯ ದಿನದಿಂದ ಡಬ್ಬಿ ತರುವುದನ್ನು ಬಿಟ್ಟೆ. ಕುಂತೂರಿನವಳಾದ ನನ್ನ ಹೆಂಡತಿ, ಇದೇನು ಗ್ಯಾಸ್ಟ್ರಿಕ್ ವಾಸಿಯಾಯಿತೇ ಎಂದು ಬಹಳ ದಿನ ಕಾಡಿದಳು.

ಕೇತಮ್ಮ ಕುಳ್ಳಗಿದ್ದರು. ಗುಂಗುರು ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಹುಡುಗಿಯದು. ರಾಮಾಪುರದ ಆಚೆ, ಕಾಡಂಚು ದಾಟಿದ ಮೇಲೆ ಬರುವ ನೆಲ್ಲಿಗುಡ್ಡೆ ಪೋಡು ಅವರದು. ಸೋಲಿಗರ ಊರಿಗೆ ಪೋಡು ಎನ್ನುತ್ತಾರೆ. ಮಗ ಸೊಸೆ ಇಬ್ಬರೂ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದರು. ತಂಗಿಯೊಬ್ಬಳನ್ನು ಯಳಂದೂರು ಕಡೆಯ ಬೆಟ್ಟಕ್ಕೆ ಕೊಟ್ಟಿತ್ತು. ಕೇತಮ್ಮ ಒಬ್ಬರೇ ಹನೂರಿನ ತುದಿಯಲ್ಲೊಂದು ಶೀಟಿನ ಮನೆ ಹಿಡಿದುಕೊಂಡಿದ್ದರು. ಅಷ್ಟು ಒಳ್ಳೆಯ ಕಾಡು ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದು ನಾನು ಕೇಳಿದಾಗಲೆಲ್ಲ, ಇಲ್ಲಿ ಒಂದು ಕೆಲಸ ಅದೆ ಸಾ ಎಂದು ಮಾತು ಮುಗಿಸುತ್ತಿದ್ದರು. ಅಡುಗೆಯ ಕೆಲಸವೆಂದು ನಾನು ತಿಳಿದಿದ್ದೆ.

ಶಾಲೆಯ ಹಿಂದೆ ಕಳೆ ಬೆಳೆದಿತ್ತು. ನಾನು ಡ್ರಿಲ್ ಮೇಷ್ಟ್ರಿಗೆ ಹೇಳಿ ಮಕ್ಕಳಿಂದ ಬುಡಸಮೇತ ಕೀಳಿಸಿದೆ. ಕೇತಮ್ಮ ಓಡಿ ಬಂದರು. ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಇದು ಗಣಿಕೆ, ಇದು ಅಣ್ಣೆ, ಇದು ಕನ್ನೆ ಎಂದು ಒಂದೊಂದನ್ನೇ ಬೇರೆ ಮಾಡಿದರು. ಅಂದಿನ ಸೊಪ್ಪಿನ ಸಾರಿಗೆ ನಾನು ಎರಡನೆಯ ಸಲ ತಟ್ಟೆ ಒಡ್ಡಿದೆ. ಆದರೆ ಅವರ ಮುಖ ಸಪ್ಪಗೇ ಇತ್ತು. ಕೊನೆ ಚಿವುಟಬೇಕಿತ್ತು, ಬೇರು ಬಿಡಬೇಕಿತ್ತು ಎಂಬುದು ಅವರ ಸಂಕಟ. ಕಾಡಿನಲ್ಲಿ ಗೆಣಸು ಅಗೆದರೆ ಬಳ್ಳಿಯ ಸಮೇತ ತಲೆಯ ತುಂಡನ್ನು ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ ಬರುತ್ತಾರಂತೆ. ಜೇನು ಕಿತ್ತರೂ ಒಂದು ಪಾಲನ್ನು ಹುಳುವಿಗೆ ಬಿಟ್ಟು ಇಳಿಯುತ್ತಾರಂತೆ. "ಕಿತ್ತೋನ್ ಕೈಲೇ ನೆಡ್ಬೇಕು ಸಾ. ಇಲ್ದಿದ್ರೆ ನಾಳೀಕೆ ಬರೋನು ಬರಿಗೈಲಿ ಓಯ್ತಾನೆ" ಎಂದರು. ಅದೇ ವಾರ ನಾನು ಒಂಬತ್ತನೇ ತರಗತಿಯಲ್ಲಿ ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಮೂರು ಸಲ ಓದಿಸಿದ್ದೆ.

ಇನ್ನೊಮ್ಮೆ, ನಿಮ್ಮವ್ವ ರಾಗಿ ಬೀಸುವಾಗ ಯಾವ ಪದ ಹೇಳುತ್ತಿದ್ದರು ಎಂದು ಕೇಳಿಬಿಟ್ಟರು. ನಾನು ತಡಬಡಾಯಿಸಿದೆ. ಅವ್ವ ಹಾಡುತ್ತಿದ್ದಳು, ಅಷ್ಟು ನೆನಪಿದೆ. ನಾನು ಮಗ್ಗಲಲ್ಲಿ ಕೂತು ಇಂಗ್ಲಿಷ್ ಕಾಗುಣಿತ ಉರು ಹೊಡೆಯುತ್ತಾ, ಸುಮ್ಮನಿರವ್ವ ಎಂದು ಗದರಿಕೊಳ್ಳುತ್ತಿದ್ದೆ. ಅವಳು ಸುಮ್ಮನಾದಳು, ಆಮೇಲೆ ಸತ್ತೂ ಹೋದಳು. ಒಂದು ಸಾಲೂ ನನ್ನ ಹತ್ತಿರ ಉಳಿದಿಲ್ಲ. ಇದನ್ನು ಹೇಳಿದಾಗ ಕೇತಮ್ಮ ಅಯ್ಯೋ ಪಾಪ ಎಂದರು. ಮೂರು ಎಕರೆ ನೀರಾವರಿ ಇರುವ ನನಗೆ ಅಯ್ಯೋ ಪಾಪ ಎಂದವರು ಅವರೊಬ್ಬರೇ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ.

ಒಂದು ವರ್ಷ ಆಗಸ್ಟ್ ಹದಿನೈದರ ತಾಲ್ಲೂಕು ಮಟ್ಟದ ಕಾರ್ಯಕ್ರಮ ನಮ್ಮ ಮೈದಾನದಲ್ಲಿ ಎಂದು ನಿಶ್ಚಯವಾಯಿತು. ಸಾಂಸ್ಕೃತಿಕ ಉಸ್ತುವಾರಿಯೂ ನನ್ನದೇ. ವಿವಿಧತೆಯಲ್ಲಿ ಏಕತೆ ಎಂದು ಹೆಸರಿಟ್ಟು, ಕೊಡಗಿನ ಕುಣಿತ, ಕರಾವಳಿಯ ಕುಣಿತ ಎಂದು ಪಟ್ಟಿ ಮಾಡಿ, ಕೊನೆಗೆ ಆದಿವಾಸಿ ನೃತ್ಯ ಎಂದು ಬರೆದೆ. ಕೊಳ್ಳೇಗಾಲಕ್ಕೆ ಹೋಗಿ ನಾಟಕದ ಉಡುಪು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೇಳಿದರೆ, ಅಂಗಡಿಯವನು ಟ್ರಂಕು ತೆರೆದು 'ಆದಿವಾಸಿ ಸೆಟ್ಟು' ಎಂದು ತೆಗೆದಿಟ್ಟ. ಹಸಿರು ಪ್ಲಾಸ್ಟಿಕ್ಕಿನ ಎಲೆಯ ಲಂಗ, ಥರ್ಮಕೋಲಿನ ಮೂಳೆಸರ, ತಲೆಗೆ ಕೋಳಿಗರಿ, ಕೈಗೆ ಮರದ ಭರ್ಜಿ. ಮುಖಕ್ಕೆ ಬಳಿಯುವ ಕಪ್ಪು ಬಣ್ಣವನ್ನು ಸುಮ್ಮನೇ ಕೊಟ್ಟ. ನನಗೆ ಎಷ್ಟು ಖುಷಿಯಾಯಿತೆಂದರೆ, ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಸೋಲಿಗರ ಮಕ್ಕಳನ್ನು ದಿನಾ ಕಣ್ಣೆದುರು ಕೂರಿಸಿಕೊಂಡು ಪಾಠ ಮಾಡುವವನಿಗೆ, ಅವರ ತಾಯಿತಂದೆ ಪೋಷಕರ ಸಭೆಗೆ ಸೀರೆ ಪಂಚೆ ಉಟ್ಟು ಬರುವುದನ್ನು ಕಂಡವನಿಗೆ, ಎಲೆಯ ಲಂಗ ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಮಾದೇವಿ ಎಂಬ ಹುಡುಗಿ ಇದ್ದಳು. ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಓದಿನಲ್ಲಿ ಮುಂದು, ಮಾತು ಪುಸ್ತಕದ ಕನ್ನಡ, ಒಂದು ಹಕಾರವೂ ಬಿದ್ದುಹೋಗದು. ಲಂಗವನ್ನು ಮೊದಲು ಅವಳ ಕೈಗೇ ಕೊಟ್ಟೆ, ನಾಯಕಿ ನೀನೇ ಎಂದೆ. ಅವಳು ಅದನ್ನು ಬೆಂಚಿನ ಮೇಲೆ ಇಟ್ಟು, "ನಾನು ಸೋಲಿಗರವಳಲ್ಲ ಸಾರ್" ಎಂದಳು. ನನಗೆ ಪಿತ್ತ ಕೆರಳಿತು. ಮೇಷ್ಟ್ರ ಮುಂದೆಯೇ ಸುಳ್ಳೇ ಎಂದು ಹಾಜರಿ ಪುಸ್ತಕ ತೆಗೆದು, ಅವಳ ಹೆಸರಿನ ಮುಂದಿನ ಜಾತಿಯ ಕಾಲಮ್ಮನ್ನು ಇಡೀ ತರಗತಿಗೆ ಕೇಳಿಸುವ ಹಾಗೆ ಓದಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಮಾದೇವಿ ಅಳಲಿಲ್ಲ. ಚೀಲ ತೆಗೆದುಕೊಂಡು ಹೊರಗೆ ಹೋದಳು.

ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಹಾಸ್ಟೆಲಿನಲ್ಲಿ ವಿಚಾರಿಸಿದರೆ, ಪುಸ್ತಕಗಳನ್ನು ಬಿಟ್ಟು ಬಟ್ಟೆಬರೆ ಮಾತ್ರ ತೆಗೆದುಕೊಂಡು ಊರಿಗೆ ಹೋದಳು ಎಂದರು. ಅಂದು ಅಡುಗೆಮನೆಯಲ್ಲಿ ಹಾಡಿನ ಸದ್ದಿರಲಿಲ್ಲ. ಅನ್ನ ತಳ ಹಿಡಿದಿತ್ತು. ನಾನು ಪುಸ್ತಕಕ್ಕೆ ರುಜು ಹಾಕಲು ಹೋದಾಗ ಕೇತಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದರು. ಆ ಉಡುಪು ತನ್ನಿ ಎಂದರು. ತಂದುಕೊಟ್ಟೆ. ಪ್ಲಾಸ್ಟಿಕ್ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಯಾರ ಬಟ್ಟೆ ಎಂದು ಕೇಳಿದರು. ನಿಮ್ಮವರದ್ದೇ ಎಂದೆ.

"ಸೊಪ್ಪ ನಾವು ತಿಂತೀವಿ ಸಾ" ಎಂದರು. "ಉಟ್ಕಣಕಿಲ್ಲ."

ಆ ಮೇಲೆ ಗೊತ್ತಾಯಿತು, ಮಾದೇವಿ ಅವರ ಮಗನ ಮಗಳು. ಪೋಡಿನಿಂದ ಅವರು ಇಳಿದು ಬಂದದ್ದು, ಅಡುಗೆಯ ಕೆಲಸ ಹಿಡಿದದ್ದು, ಶೀಟಿನ ಮನೆಯಲ್ಲಿ ಬೇಯುತ್ತಿದ್ದದ್ದು ಎಲ್ಲವೂ ಆ ಹುಡುಗಿ ಒಂದು ಹೊತ್ತಾದರೂ ತನ್ನ ಕೈಯ ಅನ್ನ ಉಣ್ಣಲಿ ಎಂದು. ಒಂದು ವರ್ಷದಿಂದ ಅವಳು ದಿನಾ ತಟ್ಟೆ ಹಿಡಿದು ಅಜ್ಜಿಯ ಮುಂದೆ ನಿಲ್ಲುತ್ತಿದ್ದಳು. ಅವರು ನಿನಗೇನಾಗಬೇಕು ಎಂದು ಗೆಳತಿಯರು ಕೇಳಿದರೆ, ಅಡುಗೆಯವರು ಎನ್ನುತ್ತಿದ್ದಳು. ಇದನ್ನು ಹೇಳುವಾಗ ಕೇತಮ್ಮನ ದನಿಯಲ್ಲಿ ದೂರು ಇರಲಿಲ್ಲ.

"ನೀವು ಯಾರ್ಗೂ ಯೋಳ್ಬ್ಯಾಡಿ ಸಾ" ಎಂದರು. "ಅವಳೇ ಯೋಳ್ಬೇಕು. ನಾಕ್ ಜನದ ಮುಂದೆ, ಇವ್ರು ನಮ್ಮಜ್ಜಿ, ನಾವು ಸೋಲಿಗ್ರು ಅಂತ ಅವಳ ಬಾಯಲ್ಲೇ ಬರ್ಬೇಕು. ನಂಗೆ ಅದೊಂದೇ ಆಸೆ. ಬ್ಯಾರೆ ಏನೂ ಬ್ಯಾಡ."

ಭಾನುವಾರ ಇಬ್ಬರೂ ರಾಮಾಪುರದ ಬಸ್ಸು ಹತ್ತಿದೆವು. ಅಲ್ಲಿಂದ ಗೂಡ್ಸ್ ಆಟೋ, ಆಟೋ ನಿಂತ ಮೇಲೆ ನಡಿಗೆ. ಕಾಡಿನೊಳಗೆ ಕಾಲಿಟ್ಟಿದ್ದೇ ಕೇತಮ್ಮನ ಮಾತು ಶುರುವಾಯಿತು. ಈ ಬಂಡೆಗೆ ಒಂದು ಹೆಸರು, ಆ ಹುತ್ತಕ್ಕೆ ಒಂದು ಹೆಸರು. ಇದು ನಮ್ಮ ಕುಲದ ದೇವರ ಜಾಗ, ಚಪ್ಪಲಿ ಬಿಡಿ. ಅದು ಬೇರೆ ಕುಲದವರದು, ಅವರು ಬಂದಾಗ ಮಾತ್ರ ದೀಪ. ಈ ಹಳ್ಳದಲ್ಲಿ ಬೇಸಿಗೆಯಲ್ಲೂ ಒಂದು ಬೊಗಸೆ ನೀರು ಇರುತ್ತದೆ, ಆನೆಗೂ ಗೊತ್ತು ನಮಗೂ ಗೊತ್ತು. ಇಪ್ಪತ್ತು ವರ್ಷ ನಕ್ಷೆ ತೂಗುಹಾಕಿ ಭೂಗೋಳ ಹೇಳಿಕೊಟ್ಟವನು ಬಾಯಿ ಮುಚ್ಚಿಕೊಂಡು ಅವರ ಹಿಂದೆ ನಡೆದೆ. ನನ್ನ ನಕ್ಷೆಯಲ್ಲಿ ಅಷ್ಟೂ ಜಾಗ ಹಸಿರು ಬಣ್ಣದ ಒಂದು ಮಚ್ಚೆ.

ಮಾದೇವಿ ಪೋಡಿನ ಮನೆಯ ಮುಂದೆ ಚೀಲ ಕಟ್ಟಿಕೊಂಡು ಕೂತಿದ್ದಳು. ಮರುದಿನ ಕೊಡಗಿಗೆ, ಅಪ್ಪ ಅಮ್ಮ ಇದ್ದ ತೋಟಕ್ಕೆ ಹೊರಡುವವಳಿದ್ದಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ತಪ್ಪಾಯಿತು ಕಣಮ್ಮ ಎಂದಷ್ಟೇ ಅಂದೆ. ಅವಳು ನನ್ನನ್ನೇ ನೋಡುತ್ತಾ, "ಎಲ್ಲರ ಮುಂದೆ ಓದಿದಿರಿ ಸಾರ್. ತಪ್ಪಾಯಿತು ಅಂತ ಇಲ್ಲಿ ಬಂದು ಹೇಳಿದರೆ ಹೇಗೆ?" ಎಂದಳು. ಹದಿನಾಲ್ಕರ ಹುಡುಗಿ. ನ್ಯಾಯವಾದ ಮಾತು. ಸೋಮವಾರದ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವಳು ಚೀಲ ಎತ್ತಿಕೊಂಡು ನಮ್ಮ ಜೊತೆ ಹೊರಟಳು. ರಾಮಾಪುರದವರೆಗೂ ಅಜ್ಜಿಯ ಕೈ ಹಿಡಿದೇ ನಡೆದಳು. ಬಸ್ಸು ಹತ್ತಿದ ಮೇಲೆ ಮಾತ್ರ ಅವಳು ಮುಂದಿನ ಸೀಟಿನಲ್ಲಿ ಕೂತಳು, ಕೇತಮ್ಮ ಯಾರೂ ಹೇಳದೆ ತಾವೇ ಹಿಂದಕ್ಕೆ ಹೋದರು.

ಸೋಮವಾರ ನಾನೂರು ಮಕ್ಕಳ ಮುಂದೆ ನಿಂತು, ಮಾದೇವಿಯ ಕ್ಷಮೆ ಕೇಳಿದೆ. ಎಲೆ ಲಂಗ ನನ್ನ ದಡ್ಡತನ ಎಂದೂ ಹೇಳಿದೆ. ಯಾರೂ ನಗಲಿಲ್ಲ.

ಉಡುಪಿನ ಗಂಟು ಕೊಳ್ಳೇಗಾಲಕ್ಕೆ ವಾಪಸ್ಸು ಹೋಯಿತು. ಕಾರ್ಯಕ್ರಮಕ್ಕೆ ಒಂದು ಹಾಡು ಹೇಳಿಕೊಡಿ ಎಂದು ನಾನು ಕೇತಮ್ಮನ ಮುಂದೆ ಕೈ ಮುಗಿದು ನಿಂತೆ. ಕೆಲಸವಿಲ್ಲದೆ ಹಾಡಲಾರಿರಿ ಎಂಬುದು ಗೊತ್ತು, ಏನು ಮಾಡೋಣ ಎಂದೆ. ಅವರು ಹುಬ್ಬು ಗಂಟಿಕ್ಕಿದರು. "ಬಾವುಟ ಏರ್ಸೋದು ಕೆಲ್ಸ ಅಲ್ವಾ ಸಾ? ಅದು ನಮ್ದೂ ಅಲ್ವಾ?" ಎಂದರು. ಈ ದೇಶದ ಮೇಲೆ ನಾನು ಬರೆಸಿದ ಯಾವ ಪ್ರಬಂಧದಲ್ಲೂ ಆ ಮಾತು ಇಷ್ಟು ನೇರವಾಗಿ ಬಂದಿರಲಿಲ್ಲ.

ತಾಲೀಮಿನಲ್ಲಿ ಇನ್ನೊಂದು ತಕರಾರು. ನಾನು ಮಕ್ಕಳನ್ನು ಅತಿಥಿಗಳಿಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿದೆ. ಕೇತಮ್ಮ ಬಂದು, "ಸಾಲಾಗಿ ನಿಂತ್ರೆ ಅದು ರೇಷನ್ ಅಂಗ್ಡಿ ಸಾ" ಎಂದು ಎಲ್ಲರನ್ನೂ ಸುತ್ತ ನಿಲ್ಲಿಸಿದರು. ಒಬ್ಬರ ಮುಖ ಒಬ್ಬರಿಗೆ ಕಾಣಬೇಕು, ಅದೇ ಕುಣಿತ. ಹಾಗೆ ನಿಂತರೆ ಅರ್ಧ ಮಕ್ಕಳ ಬೆನ್ನು ಅತಿಥಿಗಳ ಕಡೆಗೆ. ಹೆಡ್ಮಾಸ್ಟರಿಗೆ ಬೆವರಿಳಿಯಿತು, ದೊಡ್ಡವರಿಗೆ ಬೆನ್ನು ತೋರಿಸಿದರೆ ನನ್ನ ಗತಿ ಏನು ಎಂದು ನನಗೆ ಮಂಗಳಾರತಿ ಎತ್ತಿದರು. ಕೇತಮ್ಮ ಜಗ್ಗಲಿಲ್ಲ. ಸೋಲಿಗರ ಮಕ್ಕಳಷ್ಟೇ ಸಾಲದು, ಗಡಿಯ ಕಡೆಯ ತಮಿಳು ಮನೆಮಾತಿನ ಹುಡುಗರು, ಹನೂರಿನ ಪೇಟೆಯ ಹುಡುಗಿಯರು ಯಾರು ಬಂದರೂ ಕೈ ಹಿಡಿಸಿ ಸೇರಿಸಿಕೊಂಡರು.

ಆಗಸ್ಟ್ ಹದಿನಾಲ್ಕರ ಸಂಜೆ ಜೋರು ಮಳೆ. ಬೆಳಗ್ಗೆ ಮೈದಾನವೆಲ್ಲ ಕೆಸರು, ಧ್ವಜಸ್ತಂಭದ ಸುತ್ತ ಜಲ್ಲಿ ಹಾಕಿದ್ದ ಜಾಗ ಮಾತ್ರ ಗಟ್ಟಿ. ಬೇರೆ ದಾರಿಯಿಲ್ಲದೆ ಮಕ್ಕಳು ಅಲ್ಲೇ ಸುತ್ತುಗಟ್ಟಿದರು. ಎಲ್ಲರ ಮುಖವೂ ಬಾವುಟದ ಕಡೆಗಾಯಿತು, ಹೆಡ್ಮಾಸ್ಟರು ನಿಟ್ಟುಸಿರು ಬಿಟ್ಟರು. ಕೇತಮ್ಮ ಒಗೆದ ಹಸಿರು ಸೀರೆ ಉಟ್ಟು ಬಂದಿದ್ದರು. ಒಲೆಗೆ ಮಾತ್ರ ಕೇಳಿಸುತ್ತಿದ್ದ ಆ ದನಿ ಅಂದು ಮೈಕಿನ ಹಂಗಿಲ್ಲದೆ ಏರಿತು. ಬೆಟ್ಟಗಳ ಹೆಸರು, ಹಳ್ಳಗಳ ಹೆಸರು, ಜೇನಿನ ಮರಗಳ ಹೆಸರು ಒಂದರ ಹಿಂದೆ ಒಂದು ಬಂದವು, ಮಕ್ಕಳು ತಿರುಗಿಸಿ ಹೇಳಿದರು. ನಡುವೆ ಬೆಟ್ಟದ ದೇವರು ಮಾದಪ್ಪನ ಹೆಸರು ಬಂತು. ಆ ಧಾಟಿ ಕೇಳಿದ್ದೇ ನನ್ನ ಮೈ ಜುಂ ಎಂದಿತು. ರಾಗಿಕಲ್ಲಿನ ಮುಂದೆ ಅವ್ವ ತಲೆ ತೂಗುತ್ತಿದ್ದುದು ಅದೇ ಧಾಟಿಗೆ. ನಮ್ಮ ಮನೆಯದೆಂದು ನಾನು ಕಳೆದುಕೊಂಡಿದ್ದದ್ದು ಬೆಟ್ಟದವರ ಬಾಯಲ್ಲಿ ಜೋಪಾನವಾಗಿ ಇತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಕೇತಮ್ಮ ಸುತ್ತಿನಿಂದ ಕೈ ಚಾಚಿ ನನ್ನನ್ನು ಎಳೆದರು. "ನಿಂತ್ಕಂಡು ನೋಡಂಗಿಲ್ಲ ಸಾ. ನೋಡೋರು ಅಂತ ಇದ್ರಲ್ಲಿ ಇರಕಿಲ್ಲ." ನಾನು ಸೇರಿದೆ. ಸನ್ಮಾನಕ್ಕೆಂದು ಕರೆಸಿದ್ದ ನಿವೃತ್ತ ಸೈನಿಕರೊಬ್ಬರು ಪದಕಗಳನ್ನು ಕಿಣಿಕಿಣಿ ಎನಿಸಿಕೊಂಡು ಬಂದು ಸೇರಿದರು. ಅವರ ಹಿಂದೆ ಅಧಿಕಾರಿಗಳು ಇಬ್ಬರು ಬೂಟು ಬಿಚ್ಚಿದರು. ಆಮೇಲೆ ಯಾರು ಅತಿಥಿ ಯಾರು ಅಡುಗೆಯವರು ಎಂದು ತಿಳಿಯದ ಹಾಗೆ ಸುತ್ತು ದೊಡ್ಡದಾಯಿತು.

ಮಾದೇವಿ ಬರಲಿಲ್ಲ. ಗೈಡ್ಸ್ ಸಮವಸ್ತ್ರದಲ್ಲಿ ಸಾಲಿನ ತುದಿಗೆ ನೆಟ್ಟಗೆ ನಿಂತಿದ್ದಳು. ಪಕ್ಕದಲ್ಲಿದ್ದ ಬೇರೆ ಶಾಲೆಯ ಹುಡುಗಿ, ಹಾಡುತ್ತಿರುವವರು ಯಾರು ಎಂದು ಕೇಳಿದ್ದು ನನಗೆ ಕೇಳಿಸಿತು. ಮಾದೇವಿ ಉತ್ತರ ಕೊಡಲಿಲ್ಲ. ಆಮೇಲೆ ನಾನು ಸಿಟ್ಟಿನಿಂದ ಆ ಮಾತೆತ್ತಿದಾಗ ಕೇತಮ್ಮ ನನ್ನನ್ನೇ ಸಮಾಧಾನ ಮಾಡಿದರು. "ಹಣ್ಣಾಗೋಗಂಟ ಕೊಂಬೆ ಅಳ್ಳಾಡಿಸ್ಬಾರ್ದು ಸಾ. ಅಡುಗೆಯವ್ರು ಅಂತಲೂ ಅನ್ನಿಲ್ಲ ನೋಡಿ ಈ ಸಲ" ಎಂದು ನಕ್ಕರು.

ಮಾದೇವಿ ಹತ್ತನೇ ತರಗತಿ ಪಾಸಾಗಿ ಕೊಳ್ಳೇಗಾಲಕ್ಕೆ ಹೋದಳು, ನರ್ಸಿಂಗ್ ಓದಿ ಅಲ್ಲೇ ಕೆಲಸಕ್ಕೆ ಸೇರಿದಳು. ಅವಳು ಶಾಲೆ ಬಿಟ್ಟ ವರ್ಷವೇ ಕೇತಮ್ಮನೂ ಅಡುಗೆ ಬಿಟ್ಟು ಪೋಡಿಗೆ ಹತ್ತಿದರು. ಹೊಸಬರು ಗಡಿಯಾರ ನೋಡಿ ಅಡುಗೆ ಮಾಡಿದರು, ನಾವು ಉಂಡೆವು.

ನಾನು ಅವರನ್ನು ಕೊನೆಯದಾಗಿ ಕಂಡದ್ದು ರಾಮಾಪುರದ ಬಸ್ ಸ್ಟಾಪಿನಲ್ಲಿ. ಕಲ್ಲುಬೆಂಚಿನ ಮೇಲೆ ಕೂತಿದ್ದರು, ಮಂಡಿ ಊದಿತ್ತು. ಮಾದೇವಿ ತಿಂಗಳಿಗೊಮ್ಮೆ ಮಾತ್ರೆ ತಂದುಕೊಡುತ್ತಾಳೆ, ತಲೆ ಬಾಚುತ್ತಾಳೆ, ಪಕ್ಕದಲ್ಲೇ ಮಲಗುತ್ತಾಳೆ ಎಂದರು. ಆಸ್ಪತ್ರೆಗೆ ಒಂದು ಸಲ ಕರೆದುಕೊಂಡು ಹೋಗಿದ್ದಳಂತೆ. ಅಲ್ಲಿ ಜೊತೆಯ ನರ್ಸುಗಳು ಕೇಳಿದಾಗ, ನಮ್ಮೂರಿನವರು ಎಂದಳಂತೆ. ಕೇತಮ್ಮ ನನ್ನ ಮುಂಗೈ ತಟ್ಟಿದರು. "ಅಡುಗೆಯವ್ರು ಓಗಿ ಊರಿನೋರು ಆಗಿವ್ನಿ ಸಾ. ಅತ್ರ ಬತ್ತಾವ್ಳೆ. ಅರ್ಜೆಂಟ್ ಏನದೆ, ಬುಡಿ." ಬಸ್ಸು ಬಂತು, ನಾನು ಹತ್ತಿದೆ. ಅರ್ಜೆಂಟು ಇತ್ತು. ಇಬ್ಬರಿಗೂ ತಿಳಿಯಲಿಲ್ಲ.

ಮುಂದಿನ ಮಳೆಗಾಲದಲ್ಲಿ ಮಾದೇವಿಯ ಫೋನು ಬಂತು. ಕೇತಮ್ಮ ತೀರಿಹೋಗಿ ನಾಲ್ಕು ದಿನವಾಗಿತ್ತು. ಮಣ್ಣು ಮಾಡಿ, ತಮ್ಮ ಕುಲದ ಜಾಗದಲ್ಲಿ ಅವರ ಹೆಸರಿನ ಕಲ್ಲಿಟ್ಟು ಬಂದಿದ್ದರು. ಸಾವನ್ನು ಪಂಚಾಯ್ತಿಯಲ್ಲಿ ಬರೆಸಬೇಕು, ಪರಿಚಯದವರೊಬ್ಬರ ರುಜು ಬೇಕಂತೆ, ಬರುತ್ತೀರಾ ಸಾರ್ ಎಂದಳು. ಹೋದೆ. ಕಚೇರಿ ತುಂಬ ಜನ. ಪಿಂಚಣಿಗೆ ಬಂದವರು, ಖಾತೆಗೆ ಬಂದವರು, ನಮ್ಮ ಶಾಲೆಯ ಹಳೆಯ ಹುಡುಗರೂ ಇಬ್ಬರು. ಗುಮಾಸ್ತ ಫಾರಂ ಬಿಚ್ಚಿಕೊಂಡು ಹೆಸರು, ವಯಸ್ಸು, ಊರು ಬರೆದುಕೊಂಡ. ಸತ್ತವರಿಗೆ ನೀವು ಏನಾಗಬೇಕು ಎಂದು ತಲೆಯೆತ್ತದೆ ಕೇಳಿದ.

ಮಾದೇವಿ ಮೇಜಿನ ಅಂಚು ಹಿಡಿದುಕೊಂಡಳು. "ಮೊಮ್ಮಗಳು" ಎಂದಳು. ಅಷ್ಟು ಸಾಕಿತ್ತು, ಅವನ ಪೆನ್ನು ಓಡುತ್ತಲೂ ಇತ್ತು. ಅವಳು ನಿಲ್ಲಿಸಲಿಲ್ಲ. ಕಚೇರಿಯ ಆ ಮೂಲೆಗೂ ಕೇಳಿಸುವ ಹಾಗೆ, "ಅವರು ನಮ್ಮಜ್ಜಿ. ನಾವು ಸೋಲಿಗರು" ಎಂದಳು.

ಜನ ತಿರುಗಿ ನೋಡಿದರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಒಂದು ವಾರ ಮೊದಲು ಹೇಳಿದ್ದರೆ ಆ ಜೀವ ಕೇಳಿಕೊಂಡು ಹೋಗುತ್ತಿತ್ತಲ್ಲ.

ಗುಮಾಸ್ತ ಮುಂದಿನ ಕಾಲಮ್ಮಿಗೆ ಬಂದ. ಸತ್ತವರ ಕಸುಬು ಏನು, ಕೂಲಿ ಎಂದು ಹಾಕಲೇ ಎಂದ. ಅಡುಗೆ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

"ಪದ ಯೋಳೋರು ಅಂತ ಬರ್ಕಳಿ" ಎಂದಳು ಮಾದೇವಿ. ಅವಳ ಬಾಯಲ್ಲಿ ಪೋಡಿನ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಂಥದ್ದೊಂದು ಕಸುಬು ಇಲ್ಲ ಎಂದ ಗುಮಾಸ್ತ.

"ಇತ್ತು. ಬರ್ಕಳಿ."

ಅವನು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದ. ಬರಿಯಪ್ಪ, ಅದು ನಿಜ, ನಾನು ರುಜು ಹಾಕುತ್ತೇನೆ ಎಂದೆ.